ನೂರ ನಲವತ್ತೈದನೇ ಪುಟದ ತಿರುವು

ಕಳೆದ ಹನ್ನೆರಡು ತಿಂಗಳಲ್ಲಿ ಓದಿದ ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು ಎಂಬುದು ಮನುಷ್ಯಕುಲದ ಮುಂದಿರುವ ಅತಿ ಗಂಭೀರ ಪ್ರಶ್ನೆಗಳಲ್ಲಿ ಒಂದು. ಕುಡಿಯುವ ನೀರು, ರಸ್ತೆ ಅಗಲ ಮಾಡುವುದು ಮುಂತಾದ ಸಣ್ಣಪುಟ್ಟ ವಿಷಯಗಳನ್ನು ನಗರಸಭೆ ನೋಡಿಕೊಳ್ಳುತ್ತದೆ. ಈ ಪ್ರಶ್ನೆಯನ್ನು ಮಾತ್ರ ಊರಿನ ಲೈಬ್ರರಿಯ ಓದುಗರ ಬಳಗ ತನ್ನ ಹೆಗಲ ಮೇಲೆ ಹಾಕಿಕೊಂಡು ಹನ್ನೊಂದು ವರ್ಷವಾಗಿತ್ತು.

ಬಳಗದಲ್ಲಿ ಎಂಟು ಜನ. ಅಧ್ಯಕ್ಷರು ಹಲ್ಲು ಡಾಕ್ಟರು. ಮೂವತ್ತೈದು ವರ್ಷ ಬಾಯಿ ತೆರೆದುಕೊಂಡು ಮಲಗಿದವರ ಮುಂದೆ ತಾವೊಬ್ಬರೇ ಮಾತಾಡಿ ರೂಢಿಯಾಗಿ, ಎದುರಿನವರಿಗೂ ಹೇಳುವುದೇನಾದರೂ ಇರಬಹುದು ಎಂಬ ಅನುಮಾನ ಅವರಿಗೆ ಹುಟ್ಟಿಯೇ ಇರಲಿಲ್ಲ. ಅವರದು ವಿಜ್ಞಾನ ಕಥೆಯ ಪಕ್ಷ. ಅದ್ಭುತ ಕಥೆಯ ಪಕ್ಷ ಔಷಧಿ ಅಂಗಡಿ ಮೇಡಂ ಅವರದು. ಯಂತ್ರ ಬಂದರೆ ವಿಜ್ಞಾನ, ರಾಜ ಬಂದರೆ ಅದ್ಭುತ, ಎರಡೂ ಬಂದರೆ ಜಗಳ. ಹತ್ತು ವರ್ಷದಲ್ಲಿ ಒಮ್ಮೆಯೂ ಎರಡು ಪಕ್ಷ ಒಂದೇ ಪುಸ್ತಕಕ್ಕೆ ಕೈ ಎತ್ತಿದ್ದಿಲ್ಲ. ಒಂದು ವರ್ಷ ನಾಲ್ಕು–ನಾಲ್ಕು ಮತ ಬಿದ್ದು ಗ್ರಂಥಪಾಲಕರು ಚೀಟಿ ಎತ್ತಬೇಕಾಗಿ ಬಂತು. ಆಗ ಗೆದ್ದ ಪುಸ್ತಕವನ್ನು ಮೇಡಂ ಇವತ್ತಿಗೂ ಹೆಸರು ಹಿಡಿದು ಕರೆಯುವುದಿಲ್ಲ, "ಆ ಚೀಟಿ" ಎನ್ನುತ್ತಾರೆ.

ಹನ್ನೊಂದನೇ ವರ್ಷ ಮಾತ್ರ ಯಾರೂ ನಂಬದಂಥದ್ದು ನಡೆಯಿತು. "ಏಳನೇ ಚಂದ್ರನ ಗುಮಾಸ್ತ" ಎಂಬ ಕಾದಂಬರಿಗೆ ಏಳು ಮತ ಬಿದ್ದವು.

ಕಥೆ ಇಷ್ಟು: ದೂರದ ಗ್ರಹವೊಂದರ ಏಳನೇ ಚಂದ್ರನ ಮೇಲೆ ಒಬ್ಬ ಗುಮಾಸ್ತ. ಅರ್ಧ ಪುಸ್ತಕ ಅವನು ಕಡತ ಜೋಡಿಸುತ್ತಾನೆ, ಗಾಳಿಯಂತ್ರದ ಸದ್ದು ಕೇಳುತ್ತಾನೆ. ನೂರ ನಲವತ್ತನಾಲ್ಕನೇ ಪುಟದ ಕೊನೆಯ ಸಾಲಿನಲ್ಲಿ, "ಗುಮಾಸ್ತ ಬಾಗಿಲು ತೆರೆದ. ಆಚೆ" ಎಂದಿದೆ. ಪುಟ ತಿರುಗಿಸಿದರೆ, "ಉಪ್ಪಿನ ಗೋಡೆಯ ಮೇಲೆ ಸಾಲಾಗಿ ನಿಂತು ರಾಣಿಯ ಅಪ್ಪಣೆಗೆ ಕಾಯುತ್ತಿದ್ದರು." ಅಲ್ಲಿಂದ ಮುಂದೆ ಕುದುರೆ, ಕತ್ತಿ, ಶಾಪ, ಯುದ್ಧ. ಗುಮಾಸ್ತ ಮತ್ತೆ ತಲೆ ಹಾಕುವುದಿಲ್ಲ.

"ಇಂಥ ತಿರುವು ನಾನು ನೋಡೇ ಇಲ್ಲ. ಒಂದು ಬಾಗಿಲು ತೆಗೆದು ಇಡೀ ವಿಜ್ಞಾನಾನ ಆಚೆ ಕಳಿಸಿಬಿಟ್ಟ" ಎಂದರು ಡಾಕ್ಟರು.

"ಗುಮಾಸ್ತ ಎಲ್ಲಿ ಹೋದ ಹಾಗಾದ್ರೆ?" ಎಂದು ಯಾರೋ ಕೇಳಿದರು.

"ಎಲ್ಲೂ ಹೋಗಿಲ್ಲ ಕಣ್ರೀ" ಎಂದರು ಮೇಡಂ. "ರಾಣಿನೇ ಗುಮಾಸ್ತನ ಹಿಂದಿನ ಜನ್ಮ. ಇನ್ನೊಂದ್ ಸಲ ಓದಿ, ತಿಳಿಯುತ್ತೆ."

"ಜನ್ಮ ಅಲ್ಲ ಮೇಡಂ, ಕಾಲ ಬಾಗಿರೋದು. ಭೌತಶಾಸ್ತ್ರ."

"ಏನಾದ್ರೂ ಅನ್ನಿ ಡಾಕ್ಟ್ರೇ. ಪುಸ್ತಕ ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಮತ ಹಾಕದೆ ಉಳಿದವನು ಲಿಫ್ಟ್ ಮೆಕ್ಯಾನಿಕ್. ಎಂಟು ಜನಕ್ಕೆ ಇದ್ದದ್ದು ಒಂದೇ ಪ್ರತಿ. ಅವನ ಸರದಿ ಬರುವಷ್ಟರಲ್ಲಿ ಮತದ ದಿನ ಬಂದಿತ್ತು. ಓದದೆ ಹೇಗೆ ಕೈ ಎತ್ತಲಿ ಎಂದು ಸುಮ್ಮನೆ ಕೂತ. ಅವನ ಅಭಿಪ್ರಾಯಕ್ಕೆ ಬಳಗದಲ್ಲಿ ಆಗ ಬೆಲೆಯೂ ಉಳಿದಿರಲಿಲ್ಲ. ವರ್ಷದ ಮೊದಲಲ್ಲಿ "ಉಪ್ಪಿನ ಕೋಟೆಯ ರಾಣಿ" ಎಂಬ ಇನ್ನೊಂದು ಕಾದಂಬರಿ ಓದಿ, ಓದುಗರ ದೂರಿನ ರಿಜಿಸ್ಟರಿನಲ್ಲಿ ಅವನು ಹೀಗೆ ಬರೆದಿದ್ದ: "ಅರ್ಧದವರೆಗೆ ಚೆನ್ನಾಗಿದೆ. ರಾಣಿ ಕತ್ತಿ ಎತ್ತುತ್ತಾಳೆ, ಸೈನಿಕರೆಲ್ಲ ನಮೂನೆ ಏಳರ ಅರ್ಜಿ ಹಿಡಿದು ಸರದಿಯಲ್ಲಿ ನಿಲ್ಲುತ್ತಾರೆ. ಆಮೇಲೆ ರಾಣಿಯ ಪತ್ತೆಯಿಲ್ಲ. ಏನೋ ಸರಿಯಿಲ್ಲ."

ಆ ರಿಜಿಸ್ಟರಿಗೆ ನಾಲ್ಕು ಕಲಂ: ಗಲಾಟೆ, ಫ್ಯಾನು, ಬೈಂಡಿಂಗ್, ಅಭಿರುಚಿ. ಗ್ರಂಥಪಾಲಕರು ಮೆಕ್ಯಾನಿಕ್‌ನ ದೂರನ್ನು ನಾಲ್ಕನೆಯದಕ್ಕೆ ಹಾಕಿದ್ದರು. ಅಭಿರುಚಿಯ ದೂರಿಗೆ ಕ್ರಮ ಕೈಗೊಳ್ಳುವ ಅಗತ್ಯವಿಲ್ಲ. ಬಳಗದವರು ಮಾತ್ರ ಕ್ರಮ ಕೈಗೊಂಡರು. ಅವನು ಬಾಯಿ ತೆರೆದಾಗೆಲ್ಲ ಮೇಡಂ, "ನಿಮ್ಮ ಸೈನಿಕರು ಇನ್ನೂ ಸರದಿಯಲ್ಲಿದಾರಾ?" ಎನ್ನುತ್ತಿದ್ದರು. ಡಾಕ್ಟರು, "ಅದು ವ್ಯಂಗ್ಯ ಕಣಯ್ಯಾ, ನಿನಗೆ ತಿಳೀಲಿಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಆ ಪುಸ್ತಕವನ್ನು ಇಬ್ಬರೂ ಮುಟ್ಟಿರಲಿಲ್ಲ.

ಗೆದ್ದ ಪುಸ್ತಕಕ್ಕೆ ಲೈಬ್ರರಿಯಲ್ಲಿ ಒಂದು ಮರ್ಯಾದೆಯಿದೆ. ಹಳೆಯ ರಟ್ಟು ಬಿಚ್ಚಿ, ಕೆಂಪು ಬಟ್ಟೆ ಹೊದಿಸಿ, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿ, ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಒಂದು ವರ್ಷ ಇಡುತ್ತಾರೆ. ಪೆಟ್ಟಿಗೆಗೆ ಬೀಗ. ಹೀಗಾಗಿ ಊರು ಅತ್ಯಂತ ಮೆಚ್ಚಿದ ಪುಸ್ತಕವನ್ನು ಆ ವರ್ಷ ಊರಿನಲ್ಲಿ ಯಾರೂ ಓದಲಾಗುವುದಿಲ್ಲ.

ಕೆಂಪು ಬಟ್ಟೆ ಹೊದಿಸುವವಳು ಬೈಂಡಿಂಗ್ ಅಕ್ಕ. ಮೊದಲ ಮಹಡಿಯ ಹಿಂಬದಿಯ ಕೋಣೆ ಅವಳದು. ಉದ್ದದ ಮೇಜು, ಅಂಟಿನ ಡಬ್ಬಿ, ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸು, ಗೋಡೆಯ ಮೊಳೆಗಳಿಗೆ ನೇತುಹಾಕಿದ ದಾರದ ಉಂಡೆಗಳು. ಇಪ್ಪತ್ತಾರು ವರ್ಷದಿಂದ ಹರಿದ ಪುಸ್ತಕ ಒಳಗೆ ಬರುತ್ತವೆ, ಗಟ್ಟಿ ಪುಸ್ತಕ ಆಚೆ ಹೋಗುತ್ತವೆ. ಅಕ್ಕ ಅವುಗಳಲ್ಲಿ ಒಂದನ್ನೂ ಓದಿಲ್ಲ. ಪುಸ್ತಕವೆಂದರೆ ಅವಳಿಗೆ ಫಾರಂಗಳು, ಅಂದರೆ ಹದಿನಾರು ಪುಟಕ್ಕೊಂದರಂತೆ ಮಡಿಸಿದ ಹಾಳೆಗಳು. ಒಂದರ ಮೇಲೊಂದು ಪೇರಿಸುವುದು, ಪ್ರತಿ ಫಾರಂನ ಮೊದಲ ಪುಟದ ಮೂಲೆಯಲ್ಲಿರುವ ಅಂಕಿ ನೋಡುವುದು, ಹೊಲಿಯುವುದು. ಅಕ್ಷರ ನೋಡುವುದು ಓದುಗರ ಕೆಲಸ, ಅಂಕಿ ನೋಡುವುದು ತನ್ನ ಕೆಲಸ ಎಂದು ಯಾರು ಕೇಳಿದರೂ ಹೇಳುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ.

ಆ ಕೋಣೆಯ ಬಾಗಿಲಿಗೆ ಹೋದ ಮಳೆಗಾಲದಿಂದ ಒಂದು ಸೂಚನೆ ಅಂಟಿಸಿತ್ತು. ಒಂದೇ ವರ್ಷದಲ್ಲಿ ಬೈಂಡಿಂಗ್ ಬಗ್ಗೆ ಮೂರು ದೂರು ಬಂದರೆ ಕೋಣೆ ಮುಚ್ಚಿ, ಕೆಲಸವನ್ನು ಹೊರಗಿನವರಿಗೆ ವಹಿಸಲಾಗುವುದು. ಸಿಬ್ಬಂದಿಯನ್ನು ಕೆಳಗಿನ ಬ್ಯಾಗ್ ಕೌಂಟರಿಗೆ ಹಾಕಲಾಗುವುದು. ಸಹಿ, ಗ್ರಂಥಪಾಲಕರು. ಎರಡು ದೂರು ಆಗಲೇ ಬಂದಾಗಿತ್ತು. ಒಂದು, ತಲೆಕೆಳಗಾಗಿ ಹೊಲಿದ ರೈಲ್ವೆ ವೇಳಾಪಟ್ಟಿ. ಇನ್ನೊಂದು, ಏಳನೇ ತಿಂಗಳೇ ಬಿಟ್ಟುಹೋಗಿದ್ದ ಗರ್ಭಿಣಿಯರ ಕೈಪಿಡಿ. ಅದನ್ನು ಓದಿದಾಕೆ ಎಂಟನೇ ತಿಂಗಳಲ್ಲಿ ಖುದ್ದಾಗಿ ಮೆಟ್ಟಿಲು ಹತ್ತಿ ಬಂದು ದೂರು ಕೊಟ್ಟಿದ್ದಳು. ಬ್ಯಾಗ್ ಕೌಂಟರೆಂದರೆ ಬಂದವರ ಚೀಲ ತೆಗೆದುಕೊಂಡು ಟೋಕನ್ ಕೊಡುವುದು, ಹೋಗುವಾಗ ಟೋಕನ್ ತೆಗೆದುಕೊಂಡು ಚೀಲ ಕೊಡುವುದು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಸೂಜಿ ಹಿಡಿದ ಕೈಯಲ್ಲಿ ನಾಲ್ಕು ವರ್ಷ ಟೋಕನ್ ಹಿಡಿಯುವುದನ್ನು ನೆನೆದರೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಶನಿವಾರ ಸಮಾರಂಭ. ಬುಧವಾರ ಬೆಳಗ್ಗೆ ಅಕ್ಕ ಗೆದ್ದ ಪುಸ್ತಕದ ದಾರ ಕತ್ತರಿಸಿ ಫಾರಂಗಳನ್ನು ಬಿಡಿಸಿ ಹರಡಿದಳು. ಒಂಬತ್ತು ಫಾರಂಗಳ ಕಾಗದ ಹಳದಿ. ಹತ್ತನೆಯದರಿಂದ ಕಡೆಯವರೆಗೆ ಬಿಳಿ. ಅವಳು ಕನ್ನಡಕ ಒರೆಸಿಕೊಂಡಳು. ಕಾಗದದ ಬಣ್ಣ ಬದಲಾಗಲಿಲ್ಲ.

ವರ್ಷದ ಹಿಂದೆ ಎರಡು ಕಾದಂಬರಿ ಒಂದೇ ದಿನ ಮೇಜಿಗೆ ಬಂದಿದ್ದವು. ಒಬ್ಬರೇ ಪ್ರಕಾಶಕರು, ಒಂದೇ ಅಳತೆ, ಒಂದೇ ಅಚ್ಚು, ಆಗ ಒಂದೇ ಬಣ್ಣದ ಕಾಗದ, ಎರಡಕ್ಕೂ ಮುನ್ನೂರ ಇಪ್ಪತ್ತು ಪುಟ, ಎರಡರ ಬೆನ್ನೂ ಮುರಿದಿತ್ತು. ಎರಡನ್ನೂ ಬಿಚ್ಚಿ, ಅಂಕಿ ನೋಡಿ ಜೋಡಿಸಿದಳು. ನೂರ ನಲವತ್ತನಾಲ್ಕಾದ ಮೇಲೆ ನೂರ ನಲವತ್ತೈದು ಬಂತೋ, ಬಂತು. ಎರಡಕ್ಕೂ ಬಂತು. ಹೊಲಿದಳು.

ಮೂರನೇ ತಪ್ಪು ಅವಳ ಕೈಯಲ್ಲಿ ಬಿಚ್ಚಿಕೊಂಡು ಕೂತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಳು. ಗಂಡ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಬೆಳಗಿನ ಮಕ್ಕಳನ್ನು ಇಳಿಸಿದ ಮೇಲೆ ಸಂಜೆಯ ಮಕ್ಕಳವರೆಗೆ ಮನೆಯಲ್ಲಿರುತ್ತಾನೆ.

"ಏನಾಯ್ತೇ? ಮುಖ ಯಾಕೆ ಹಾಗಿದೆ?"

"ಎರಡು ಪುಸ್ತಕ ಅದಲುಬದಲು ಹೊಲಿದುಬಿಟ್ಟಿದೀನಿ ಕಣ್ರೀ."

"ಯಾರಾದ್ರೂ ಕೇಳಿದ್ರಾ?"

"ಕೇಳೋದಿರಲಿ, ಒಂದಕ್ಕೆ ವರ್ಷದ ಮೊದಲ ಸ್ಥಾನ ಕೊಟ್ಟಿದಾರೆ."

ಗಂಡ ಲೋಟ ಕೆಳಗಿಟ್ಟ. "ಮತ್ತೆ ತಪ್ಪು ಯಾಕೆ ಅಂತೀಯ ಅದನ್ನ? ಇಪ್ಪತ್ತಾರು ವರ್ಷ ಸರಿಯಾಗಿ ಹೊಲಿದೆ, ಒಬ್ಬರಾದ್ರೂ ಒಂದು ಚಪ್ಪಾಳೆ ತಟ್ಟಿದ್ರಾ?"

"ತಮಾಷೆ ಬೇಡ. ಗೊತ್ತಾದ್ರೆ ಬ್ಯಾಗ್ ಕೌಂಟರೇ ಗತಿ."

"ಅದಕ್ಕೇ ಹೇಳ್ತಿರೋದು. ಬಾಯಿ ಮುಚ್ಕೊಂಡು ಕೆಂಪು ಬಟ್ಟೆ ಹಾಕು. ಗಾಜಿನ ಪೆಟ್ಟಿಗೇಲಿ ಇಡ್ತಾರೆ, ಬೀಗ ಹಾಕ್ತಾರೆ. ತಪ್ಪನ್ನ ಬಚ್ಚಿಡೋಕೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?"

ಮಾತು ಸರಿಯಿತ್ತು. ಅಕ್ಕ ವಾಪಸು ಬಂದು ಸೂಜಿಗೆ ದಾರ ಪೋಣಿಸಿದಳು. ಒಂಬತ್ತು ಫಾರಂ ಹೊಲಿದಳು. ಹತ್ತನೆಯದರ ಹತ್ತಿರ ಕೈ ನಿಂತಿತು. ಗೊತ್ತಿಲ್ಲದೆ ತಪ್ಪು ಹೊಲಿಯುವುದು ಒಂದು ಮಾತು. ಗೊತ್ತಿದ್ದೂ ಹೊಲಿಯುವುದಕ್ಕೆ ಬೇರೆ ಕೈ ಬೇಕಿತ್ತು, ಅದು ಅವಳಿಗಿರಲಿಲ್ಲ. ಕಪಾಟಿನಲ್ಲಿದ್ದ "ಉಪ್ಪಿನ ಕೋಟೆಯ ರಾಣಿ"ಯನ್ನು ತರಿಸಿ ಅದರ ದಾರವನ್ನೂ ಕತ್ತರಿಸಿದಳು. ಹಳದಿಗೆ ಹಳದಿ, ಬಿಳಿಗೆ ಬಿಳಿ ಸೇರಿಸಿದಳು. ಆಮೇಲೆ, ಸರಿಯಾಯಿತೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮೂಲೆಯ ಅಂಕಿ ಬಿಟ್ಟು ನಡುವಿನ ಅಕ್ಷರ ನೋಡಿದಳು. ಗುರುವಾರವೂ ನೋಡುತ್ತಲೇ ಇದ್ದಳು. ಕೆಲಸದ ಹೊತ್ತಿನಲ್ಲಿ ಓದುವುದು ಕಳ್ಳತನದ ಹಾಗೆ ಅನ್ನಿಸಿ, ಯಾರಾದರೂ ಬಂದರೆ ಅಂಟಿನ ಕುಂಚ ಕೈಗೆತ್ತಿಕೊಳ್ಳುತ್ತಿದ್ದಳು.

ಓದಿ ಮುಗಿಸಿದ ಮೇಲೆ ಕಷ್ಟ ಇನ್ನೂ ಹೆಚ್ಚಾಯಿತು. ಗುಮಾಸ್ತನ ಕಥೆ ಸರಿಯಾದ ಕ್ರಮದಲ್ಲಿ ಅಷ್ಟೇನೂ ಚೆನ್ನಾಗಿರಲಿಲ್ಲ. ತಪ್ಪೇ ವಾಸಿಯಾಗಿತ್ತು.

ಶುಕ್ರವಾರ ಲಿಫ್ಟ್ ಮೆಕ್ಯಾನಿಕ್ ಕೋಣೆಗೆ ಬಂದ. ನೆಲಮಾಳಿಗೆಯಿಂದ ಪುಸ್ತಕ ಮೇಲೆ ತರುವ ಪುಟ್ಟ ಲಿಫ್ಟಿನ ಬಾಯಿ ಅಲ್ಲೇ ಮೂಲೆಯಲ್ಲಿದೆ. ಅವನು ಮುಚ್ಚಳ ತೆಗೆದು ತಲೆ ಒಳಗೆ ಹಾಕಿದ. ಮಾತು ಬಾವಿಯೊಳಗಿಂದ ಬಂದ ಹಾಗೆ ಬಂತು.

"ಅಕ್ಕಾ, ನಾಳೆ ಆದ್ಮೇಲೆ ನಾನು ಬಳಗಕ್ಕೆ ಬರಲ್ಲ."

"ಯಾಕಪ್ಪಾ?"

"ಓದೋದೇ ಬಿಡೋಣ ಅಂತಿದೀನಿ. ಹದಿನೆಂಟು ವರ್ಷದಿಂದ ಓದ್ತಿದೀನಿ, ನನಗೆ ತಿಳಿಯುತ್ತೆ ಅಂದ್ಕೊಂಡಿದ್ದೆ. ಇಲ್ಲ ಅಂತ ಕಾಣುತ್ತೆ. ಆ ರಾಣಿ ಪುಸ್ತಕ ಮೂರು ಸಲ ಓದಿದೆ ಅಕ್ಕಾ. ಮೂರು ಸಲಾನೂ ಸೈನಿಕರು ಸರದಿಯಲ್ಲೇ ನಿಂತರು."

"ಪುಸ್ತಕದಲ್ಲೇ ಏನಾದ್ರೂ..." ಎಂದು ಅಕ್ಕ ಶುರುಮಾಡಿ ನಿಲ್ಲಿಸಿದಳು.

"ನಾನೂ ಹಾಗೇ ಅಂದ್ಕೊಂಡೆ. ಡಾಕ್ಟ್ರು ಹೇಳಿದ್ರು, ಲಿಫ್ಟ್ ಹಾಗಲ್ಲ ಕಣಯ್ಯಾ ಪುಸ್ತಕ, ಮಧ್ಯದಲ್ಲಿ ನಿಂತ್ರೆ ಅದಕ್ಕೊಂದು ಅರ್ಥ ಇರುತ್ತೆ ಅಂತ." ಅವನು ತಲೆ ಆಚೆ ತೆಗೆದು ಗ್ರೀಸ್ ಒರೆಸಿಕೊಂಡ. "ಹಗ್ಗ ಸವೆದಿದೆ. ಸೋಮವಾರ ಬದಲಾಯಿಸ್ತೀನಿ."

ಮೇಜಿನ ಮೇಲೆ ರಾಣಿಯ ಇಪ್ಪತ್ತು ಫಾರಂಗಳು ಬಿಳಿಯಾಗಿ, ಸರಿಯಾಗಿ ಕೂತಿದ್ದವು. ಅಕ್ಕ ಅವುಗಳ ಮೇಲೆ ಒಂದು ರಟ್ಟು ಮುಚ್ಚಿದಳು.

ಶನಿವಾರ ನಾಲ್ಕು ಗಂಟೆಗೆ ಓದುವ ಕೋಣೆಯಲ್ಲಿ ಕುರ್ಚಿ ಜೋಡಿಸಿದರು. ಗಾಜಿನ ಪೆಟ್ಟಿಗೆ ಒರೆಸಿ ಬೀಗ ತೆಗೆದಿಟ್ಟಿದ್ದರು. ಬಳಗಕ್ಕೆ ವಿದಾಯ ಹೇಳಲು ಬಂದಿದ್ದ ಮೆಕ್ಯಾನಿಕ್ ಕೊನೆಯ ಕುರ್ಚಿಯಲ್ಲಿ ಕೂತಿದ್ದ. ಡಾಕ್ಟರು ನೂರ ನಲವತ್ತೈದನೇ ಪುಟದ ತಿರುವಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕಾಲ, ಆಕಾಶ, ಲೇಖಕನ ಧೈರ್ಯ, ಈ ಮೂರನ್ನೂ ಮುಟ್ಟಿದರು. ಆಮೇಲೆ ಪುಸ್ತಕಕ್ಕಾಗಿ ಕೈ ಚಾಚಿದರು.

ಅಕ್ಕ ದಾರದಿಂದ ಕಟ್ಟಿದ ಎರಡು ಬಿಡಿ ಕಟ್ಟುಗಳನ್ನು ಮೇಜಿನ ಮೇಲಿಟ್ಟಳು. ಒಂದು ಹಳದಿ, ಒಂದು ಬಿಳಿ.

"ಇದೇನಮ್ಮಾ? ಇನ್ನೂ ಹೊಲಿದಿಲ್ವಾ?"

"ಲೇಖಕರ ಧೈರ್ಯ ಅಲ್ಲ ಸಾರ್ ಅದು. ನಾನು ಹೊಲಿದಿದ್ದು ತಪ್ಪು. ಎರಡು ಪುಸ್ತಕ ಅರ್ಧರ್ಧ ಅದಲುಬದಲಾಗಿತ್ತು. ಈಗ ಸರಿ ಮಾಡಿದೀನಿ."

ಗ್ರಂಥಪಾಲಕರು ರಿಜಿಸ್ಟರು ತರಲು ಎದ್ದು ಹೋದರು.

"ಹಾಗಾದ್ರೆ ಹಿಂದಿನ ಜನ್ಮ?" ಎಂದರು ಔಷಧಿ ಅಂಗಡಿ ಮೇಡಂ.

"ನಾನು ಜನ್ಮಗಿನ್ಮ ಹೊಲಿದಿಲ್ಲ ಮೇಡಂ. ಫಾರಂ ಹೊಲಿದೆ."

ಡಾಕ್ಟರಿಗೆ ನಂಬಿಕೆ ಬರಲಿಲ್ಲ. "ಗುಮಾಸ್ತ ಬಾಗಿಲು ತೆರೆದ ಮೇಲೆ ನಿಜವಾಗಿ ಏನಾಗುತ್ತೆ ಹಾಗಾದ್ರೆ?"

"ಇನ್ನೊಂದು ಆಫೀಸು ಸಾರ್. ಜನ ಅರ್ಜಿ ಹಿಡಿದು ನಿಂತಿರ್ತಾರೆ."

"ಆಮೇಲೆ?"

"ಅವನೂ ನಿಲ್ತಾನೆ."

"ಕೊನೆಗೆ?"

"ವರ್ಗಾವಣೆ ಆಗುತ್ತೆ. ಎಂಟನೇ ಚಂದ್ರನಿಗೆ."

ಡಾಕ್ಟರು ಕೂತರು. ಹನ್ನೊಂದು ವರ್ಷದಲ್ಲಿ ಅವರು ಯಾರೂ ಹೇಳದೆ ಕೂತದ್ದು ಅದೇ ಮೊದಲು.

ಕೊನೆಯ ಕುರ್ಚಿಯಿಂದ ಮೆಕ್ಯಾನಿಕ್ ಎದ್ದು ಬಂದ. "ಅಂದ್ರೆ ಆ ಸೈನಿಕರು..."

"ರಾಣಿಯ ಸೈನಿಕರಲ್ಲಪ್ಪಾ ಅವರು. ಗುಮಾಸ್ತನ ಕಡೆ ಜನ. ನೀನು ಓದಿದ್ದು ಸರಿಯಾಗೇ ಇದೆ. ನಿನ್ನೆನೇ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ."

ಮೆಕ್ಯಾನಿಕ್ ನಗಲಿಲ್ಲ. ನಿಧಾನವಾಗಿ ಬಳಗದ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೇಡಂ ತಮ್ಮ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಗ್ರಂಥಪಾಲಕರು ರಿಜಿಸ್ಟರು ಬಿಚ್ಚಿದರು. ಅವರು ಕೆಟ್ಟವರಲ್ಲ, ನಿಯಮ ಬಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ. ಮೆಕ್ಯಾನಿಕ್‌ಗೆ ಹೇಳಿದರು: "ಸಿಬ್ಬಂದಿ ತಾವೇ ಹೇಳಿಕೊಂಡದ್ದು ದೂರು ಆಗಲ್ಲ. ಓದುಗರು ಕೊಡಬೇಕು. ನೀವು ಓದುಗರು, ನಿಮ್ಮ ದೂರು ಈಗಾಗಲೇ ಇದೆ. ಅಭಿರುಚಿ ಕಲಮಿನಲ್ಲಿದೆ. ಬೈಂಡಿಂಗ್ ಕಲಮಿಗೆ ಬದಲಾಯಿಸಿ ಅಂತ ಸಹಿ ಮಾಡಿದ್ರೆ ಬದಲಾಯಿಸ್ತೀನಿ. ಆಗ ಮೂರಾಗುತ್ತೆ."

"ಬದಲಾಯಿಸದಿದ್ರೆ?"

"ನಿಮ್ಮ ಅಭಿರುಚಿ ಸರಿಯಿಲ್ಲ ಅಂತಲೇ ದಾಖಲೆಯಲ್ಲಿ ಉಳಿಯುತ್ತೆ."

ಅಕ್ಕ ಅವನನ್ನು ಬೇಡಿಕೊಳ್ಳಲಿಲ್ಲ. ಅವನು ವರ್ಷವಿಡೀ ಪಟ್ಟ ಅವಮಾನವನ್ನು ತನ್ನ ಕೋಣೆಗಾಗಿ ನುಂಗಿಕೋ ಎನ್ನಲು ಅವಳಿಗೆ ಬಾಯಿರಲಿಲ್ಲ.

ಮೆಕ್ಯಾನಿಕ್ ಬಿಳಿ ಕಟ್ಟನ್ನು ಎತ್ತಿ ನೋಡಿದ. "ರಾಣಿದು ಪೂರ್ತಿ ಇದೆಯಾ ಇದರಲ್ಲಿ?"

"ಪೂರ್ತಿ ಇದೆ."

"ಕತ್ತಿ ಎತ್ತಿದ ಮೇಲೆ?"

"ಹೇಳಿಬಿಡ್ಲಾ?"

"ಬೇಡ ಬೇಡ! ಯಾವಾಗ ಹೊಲಿದು ಕೊಡ್ತೀರಿ?"

"ಅದು ಸಾರ್ ಕೈಲಿದೆ."

ಮೆಕ್ಯಾನಿಕ್ ಗ್ರಂಥಪಾಲಕರ ಕಡೆ ತಿರುಗಿದ. "ಹೊರಗೆ ಕೊಟ್ರೆ ಎಷ್ಟು ದಿನ ಸಾರ್?"

"ಮೂರು ತಿಂಗಳು. ಒಮ್ಮೊಮ್ಮೆ ನಾಲ್ಕು."

"ಅಕ್ಕಾ, ನೀವಾದ್ರೆ?"

"ಮಂಗಳವಾರ."

ಅವನು ಕೈ ಚಾಚಿ ಪೆನ್ನು ತೆಗೆದುಕೊಂಡ. ಗ್ರಂಥಪಾಲಕರ ಮೇಜಿನ ಮೇಲೆ ಬಗ್ಗಿ, ತನ್ನ ಹಳೆಯ ದೂರಿನ ಕೆಳಗೆ ನಿಧಾನವಾಗಿ, ಒತ್ತಿ ಒತ್ತಿ ಬರೆದ. ಗ್ರಂಥಪಾಲಕರು ಗಟ್ಟಿಯಾಗಿ ಓದಿದರು: "ಈ ಪುಸ್ತಕದ ಬಗ್ಗೆ ನಾನು ಹೇಳಿದ್ದು ಸರಿ ಎಂದು ಇವತ್ತು ಎಲ್ಲರ ಎದುರಿಗೆ ಸಾಬೀತಾಗಿದೆ. ಬೈಂಡಿಂಗ್ ಬಗ್ಗೆ ದೂರು ಇಲ್ಲ."

"ಇದು ದೂರಲ್ಲವಲ್ರೀ?"

"ಅಲ್ಲ ಸಾರ್."

"ರಿಜಿಸ್ಟರು ಇರೋದು ದೂರಿಗೆ."

"ಹಾಗಾದ್ರೆ ಷರಾ ಅಂತ ಇಟ್ಕೊಳ್ಳಿ. ಅಧ್ಯಕ್ಷರೂ ಒಂದು ಸಹಿ ಹಾಕಲಿ."

ಡಾಕ್ಟರು ಸಹಿ ಹಾಕುವ ಮುನ್ನ, ತಾವು ಆ ತಿರುವನ್ನು ಮೆಚ್ಚಿದ್ದಂತೂ ನಿಜ, ಅದನ್ನೂ ದಾಖಲಿಸಬೇಕು ಎಂದರು. ಆ ತಿರುವಿನ ಕರ್ತೃ ಯಾರೆಂದು ದಾಖಲಿಸುವುದು ಎಂದು ಗ್ರಂಥಪಾಲಕರು ಕೇಳಿದರು. ಎಲ್ಲರೂ ಅಕ್ಕನನ್ನು ನೋಡಿದರು. ಅಕ್ಕ, "ನನ್ನನ್ನ ಇದಕ್ಕೆ ಎಳೀಬೇಡಿ ಸಾರ್" ಎಂದು ಎರಡೂ ಕಟ್ಟನ್ನು ಎತ್ತಿಕೊಂಡಳು. ಡಾಕ್ಟರು ಸಹಿ ಹಾಕಿದರು.

ಆ ಮೇಲೆ ಬಳಗ ಒಂದು ಗಂಟೆ ಚರ್ಚಿಸಿತು. ಓದಿದ ಪುಸ್ತಕ ಈಗ ಇಲ್ಲ; ಇರುವ ಪುಸ್ತಕವನ್ನು ಯಾರೂ ಓದಿಲ್ಲ. ಮೊದಲ ಸ್ಥಾನ ಯಾರಿಗೆ? ಮೇಡಂ ರಾಣಿಯ ಅರ್ಧಕ್ಕೆ ಕೊಡಿ ಎಂದರು, ಡಾಕ್ಟರು ಗುಮಾಸ್ತನ ಅರ್ಧಕ್ಕೆ ಎಂದರು, ಐದು ನಿಮಿಷದಲ್ಲಿ ಎರಡು ಪಕ್ಷವೂ ಹಳೆಯ ಜಾಗಕ್ಕೆ ಬಂದು ನಿಂತವು. ಕಡೆಗೆ ಯಾರಿಗೂ ಬೇಡ ಎಂದು ಐದು–ಮೂರು ಮತಗಳಿಂದ ತೀರ್ಮಾನವಾಯಿತು. ಈ ಸಲ ಮೆಕ್ಯಾನಿಕ್ ಕೂಡ ಕೈ ಎತ್ತಿದ.

ಅಕ್ಕ ಮಂಗಳವಾರ ಎರಡು ಪುಸ್ತಕವನ್ನೂ ಹೊಲಿದು ಕೊಟ್ಟಳು. ಬೈಂಡಿಂಗ್ ಕೋಣೆ ಮುಚ್ಚಲಿಲ್ಲ.